ಯಜಮಾನ ಕೋತಿಯ ಹೃದಯ

“ಸುಮ್ಮನೆ ನನ್ನ ಬಿಪಿ ಏರಿಸಬೇಡ” ಎನ್ನುತ್ತೇವೆ. ಸಿಟ್ಟು ಬಂದಾಗ ರಕ್ತದೊತ್ತಡ ಏರುವುದು ನಿಜ. ಆದರೆ ಸಿಡುಕರಿಗೆಲ್ಲ ಬಿಪಿ ಕಾಯಿಲೆ ಇದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

1950ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್, ರೇ ರೋಸೆನ್‌ಮನ್ ಇಬ್ಬರೂ ಸದಾ ಗಡಿಬಿಡಿ, ಪೈಪೋಟಿ, ಅಸಹನೆಯಲ್ಲಿರುವವರಿಗೆ ‘ಟೈಪ್ ಎ’ ಎಂದು ಹೆಸರಿಟ್ಟರು. ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದಾಗ ಇಂಥವರಲ್ಲಿ ಹೃದ್ರೋಗ ಸುಮಾರು ಇಮ್ಮಡಿ ಕಂಡಿತು. ಮುಂದಿನ ಅಧ್ಯಯನಗಳಲ್ಲಿ ಆ ನಂಟು ಸಡಿಲವಾಯಿತು. ಒಟ್ಟು ಸ್ವಭಾವವನ್ನು ಜರಡಿ ಹಿಡಿದಾಗ ಹೆಚ್ಚು ಅನುಮಾನ ಉಳಿದದ್ದು ಹಗೆತನದ ಮೇಲೆ: ಎದುರಿನವರು ಮೋಸಗಾರರೇ ಎಂಬ ನಂಬಿಕೆ, ಒಳಗೇ ಕುದಿಯುವ ಸಿಟ್ಟು. ಬರೀ ಚುರುಕಾಗಿ ಕೆಲಸ ಮಾಡುವವರು ಹೆದರಬೇಕಿಲ್ಲ.

ಮನುಷ್ಯರಲ್ಲಿ ಸಿಗರೇಟು, ಕುಡಿತ, ನಿದ್ದೆಗೇಡು ಎಲ್ಲ ಸಿಟ್ಟಿನ ಜೊತೆಗೇ ಕಲೆಸಿರುತ್ತವೆ. ಬಿಡಿಸಿ ನೋಡುವುದು ಕಷ್ಟ. ಅಮೆರಿಕದ ವಿಜ್ಞಾನಿ ಜೇ ಕ್ಯಾಪ್ಲನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಬೆಲೆ ಬಂದದ್ದು ಅದಕ್ಕೇ. ನಮ್ಮೂರ ಕೋತಿಗಳ ಹತ್ತಿರದ ಬಂಧುಗಳಾದ ಉದ್ದಬಾಲದ ಮಕಾಕ್ ಗಂಡುಗಳನ್ನು ಗುಂಪು ಮಾಡಿ, ಎಲ್ಲಕ್ಕೂ ಒಂದೇ ಆಹಾರ ಕೊಟ್ಟರು. ಕೆಲವು ಗುಂಪುಗಳನ್ನು ಹಾಗೇ ಬಿಟ್ಟು, ಉಳಿದವುಗಳ ಸದಸ್ಯರನ್ನು ಆಗಾಗ ಅದಲುಬದಲು ಮಾಡಿದರು. ಹೊಸಬರು ಬಂದಾಗಲೆಲ್ಲ ಯಜಮಾನಿಕೆಗೆ ಮತ್ತೆ ಕಾದಾಟ. ಸುಮಾರು ಎರಡು ವರ್ಷದ ಬಳಿಕ ನೋಡಿದರೆ, ಹೃದಯದ ನಾಳಗಳಲ್ಲಿ ಕೊಬ್ಬು ಹೆಚ್ಚಾಗಿ ಕಟ್ಟಿದ್ದು ಕಲಕಿದ ಗುಂಪುಗಳ ಯಜಮಾನರಲ್ಲಿ, ಒದೆ ತಿಂದವರಲ್ಲಲ್ಲ! ಅವುಗಳ ಕೊಲೆಸ್ಟರಾಲ್ ಆಗಲಿ ಬಿಪಿ ಆಗಲಿ ಈ ವ್ಯತ್ಯಾಸವನ್ನು ವಿವರಿಸಲಿಲ್ಲ. (ಹೆಣ್ಣುಗಳ ಕಥೆ ತಿರುವುಮುರುವು: ಅಲ್ಲಿ ಕೆಳಗಿನ ದರ್ಜೆಯವಕ್ಕೇ ಹೆಚ್ಚು ಹಾನಿ.)

ಸುಳಿವು ಕೊಟ್ಟದ್ದು ಪ್ರೊಪ್ರನೊಲಾಲ್ ಎಂಬ ಔಷಧ. ಹೃದಯಕ್ಕೆ ಅಡ್ರಿನಲಿನ್ ಹಾಕುವ ಚಾಟಿಯನ್ನು ಅದು ತಡೆಯುತ್ತದೆ. ಅದನ್ನು ಕೊಟ್ಟಾಗ ಯಜಮಾನರ ನಾಳಗಳಲ್ಲಿ ಕೊಬ್ಬು ಕಟ್ಟುವುದು ತಗ್ಗಿತು. ಅಂದರೆ ಪೆಟ್ಟು ಬೀಳುವುದು ಜಗಳದ ಹೊತ್ತಿಗೆ ಹೃದಯದ ಬಡಿತ, ಬಿಪಿ ಹಠಾತ್ತನೆ ಏರುವಾಗ. ಬಡಿತ ಜೋರಾದಾಗ ನಾಳ ಕವಲೊಡೆಯುವ ಕಡೆ ರಕ್ತ ಸುಳಿಯುತ್ತದೆ, ಒಳಪದರ ಸವೆಯುತ್ತದೆ, ಕೊಬ್ಬು ಅಲ್ಲೇ ನೆಲೆಯೂರುತ್ತದೆ. 2024ರ ಅಧ್ಯಯನವೊಂದರಲ್ಲಿ ಆರೋಗ್ಯವಂತರು ಸಿಟ್ಟು ತರಿಸಿದ ಘಟನೆಯನ್ನು ಎಂಟು ನಿಮಿಷ ನೆನೆದದ್ದಕ್ಕೇ, ನಾಳಗಳು ಹಿಗ್ಗುವ ಶಕ್ತಿ ಸುಮಾರು 40 ನಿಮಿಷ ಕುಗ್ಗಿತ್ತು.

ಹಾಗಾಗಿ ಜಗಳದ ಬೆನ್ನಿಗೇ ಬಿಪಿ ಯಂತ್ರಕ್ಕೆ ಕೈಕೊಟ್ಟರೆ ಸಿಗುವುದು ಆ ಏರಿನ ಅಂಕಿ. ಕಾಫಿ, ಸಿಗರೇಟು ಬಿಟ್ಟು ಅರ್ಧ ಗಂಟೆಯಾಗಿರಲಿ, ಮೂತ್ರ ಕಟ್ಟಿರಬಾರದು. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಕೂತಿರಿ. ಪಟ್ಟಿ ಬರಿ ತೋಳಿಗೆ, ಎದೆಯ ಮಟ್ಟದಲ್ಲಿರಲಿ. ಮಾತು ಬೇಡ, ಮಾತಾಡಿದರೇ ಅಂಕಿ ಹತ್ತರಷ್ಟು ಮೇಲೇರಬಹುದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಹೀಗೆ ಏಳು ದಿನ ಬೆಳಗ್ಗೆ, ಸಂಜೆ ಬರೆದಿಟ್ಟು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಿರಿ. 135/85 ಮುಟ್ಟಿದರೆ ವೈದ್ಯರಿಗೆ ತೋರಿಸಿ.