ಗುತ್ತಿಗೆ ಸರ್ಕಾರದ್ದು, ನೇಮಕದ ನಿಯಮ ಯಾರದ್ದು?

ಅಮೆರಿಕದಲ್ಲಿ ಸರ್ಕಾರದ ಎಷ್ಟೋ ಕೆಲಸಗಳನ್ನು ಮಾಡುವುದು ಸರ್ಕಾರಿ ನೌಕರರಲ್ಲ. ನಿರಾಶ್ರಿತರಿಗೆ ನೆಲೆ ಒದಗಿಸುವುದು, ಹೆತ್ತವರಿಂದ ದೂರವಾದ ಮಕ್ಕಳಿಗೆ ಸಾಕುವ ಮನೆ ಹುಡುಕುವುದು, ಇಂಥದ್ದನ್ನೆಲ್ಲ ಚರ್ಚುಗಳಿಗೆ ಸೇರಿದ ಸಂಸ್ಥೆಗಳೂ ಗುತ್ತಿಗೆ ಹಿಡಿದು ಮಾಡುತ್ತವೆ. ದುಡ್ಡು ಮಾತ್ರ ಎಲ್ಲರ ತೆರಿಗೆಯದು. ಹಾಗಿದ್ದಾಗ ಅಂಥ ಸಂಸ್ಥೆ 'ನಮ್ಮ ಧರ್ಮದವರಿಗೆ ಮಾತ್ರ ಕೆಲಸ' ಅನ್ನಬಹುದಾ?

ಈ ಜಗಳದ ಬೇರು 1941ರಲ್ಲಿದೆ. ಎಷ್ಟೋ ಯುದ್ಧಸಾಮಗ್ರಿ ಕಾರ್ಖಾನೆಗಳು ಕಪ್ಪು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ರಾಜಧಾನಿಗೆ ಮೆರವಣಿಗೆ ತರುತ್ತೇನೆ ಎಂದು ಪಟ್ಟು ಹಿಡಿದರು. ಅಧ್ಯಕ್ಷ ರೂಸ್‌ವೆಲ್ಟ್ ಜೂನ್‌ನಲ್ಲಿ ಆದೇಶ ಹೊರಡಿಸಿ, ಆ ಉದ್ಯಮದಲ್ಲಿ ಬಣ್ಣ, ಜನಾಂಗ, ಧರ್ಮ ನೋಡಿ ತಾರತಮ್ಯ ಮಾಡಬಾರದು ಎಂದರು. ಅದನ್ನೇ ಬೆಳೆಸಿ 1965ರಲ್ಲಿ ಅಧ್ಯಕ್ಷ ಜಾನ್ಸನ್ 11246ನೇ ಆದೇಶ ಹೊರಡಿಸಿದರು. ಕೇಂದ್ರದ ಗುತ್ತಿಗೆದಾರರಿಗೆಲ್ಲ ದಶಕಗಟ್ಟಲೆ ಇದೇ ಕಟ್ಟಳೆ.

ಆದರೆ 1964ರ ನಾಗರಿಕ ಹಕ್ಕು ಕಾಯ್ದೆಯಲ್ಲಿ ಬೇರೆಯೇ ದಾರಿ ಇತ್ತು. ಧಾರ್ಮಿಕ ಸಂಸ್ಥೆಗಳು ತಮ್ಮ ಧರ್ಮದವರನ್ನೇ ಆರಿಸಿಕೊಳ್ಳಬಹುದು ಅನ್ನುವ ವಿನಾಯಿತಿ ಅದು. ಮೊದಲು ಧಾರ್ಮಿಕ ಕೆಲಸಗಳಿಗೆ ಮಾತ್ರ ಇತ್ತು. 1972ರಲ್ಲಿ ಸಂಸ್ಥೆಯ ಎಲ್ಲ ಕೆಲಸಗಳಿಗೂ ವಿಸ್ತರಿಸಿದರು. ಇದು ಎಷ್ಟು ದೂರ ಹೋಗುತ್ತೆ ಅಂದ್ರೆ, ಮಾರ್ಮನ್ ಚರ್ಚಿನ ಒಂದು ವ್ಯಾಯಾಮಶಾಲೆಯಲ್ಲಿ ಕಟ್ಟಡ ನೋಡಿಕೊಳ್ಳುತ್ತಿದ್ದವರನ್ನು ಸುಮಾರು 16 ವರ್ಷದ ಸೇವೆಯ ನಂತರ ತೆಗೆದುಹಾಕಲಾಯಿತು. ಕಾರಣ, ದೇವಾಲಯ ಪ್ರವೇಶಕ್ಕೆ ಬೇಕಾದ ಚರ್ಚಿನ ಪ್ರಮಾಣಪತ್ರ ಅವರ ಬಳಿ ಇರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಚರ್ಚಿನ ಪರವೇ ತೀರ್ಪು ಕೊಟ್ಟಿತು. ಕಟ್ಟಡ ನೋಡಿಕೊಳ್ಳುವವನಿಗೂ ಭಕ್ತಿಯ ಪರೀಕ್ಷೆಯೇ ಎಂದು ಕೇಳಬೇಕೆನಿಸುತ್ತದೆ. ಕಾನೂನು ಕೇಳಲಿಲ್ಲ.

ತಮಾಷೆಯೆಂದರೆ, ಜಾನ್ಸನ್ ಆದೇಶದಲ್ಲಿ ಈ ವಿನಾಯಿತಿ ಇರಲಿಲ್ಲ. ಸ್ವಂತ ದುಡ್ಡಿನಲ್ಲಿ ನಡೆಯುವ ಚರ್ಚ್ ಸಂಸ್ಥೆ ತನ್ನವರನ್ನೇ ಆರಿಸಬಹುದು, ಕೇಂದ್ರದ ಗುತ್ತಿಗೆ ಹಿಡಿದರೆ ಆಗದು. ನನಗೆ ಇದು ತಪ್ಪಾಗಿ ಕಾಣುವುದಿಲ್ಲ. ಅಧ್ಯಕ್ಷ ಜಾರ್ಜ್ ಬುಷ್‌ಗೆ ಕಂಡಿತು. ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರಿ ದುಡ್ಡಿನ ದಾರಿ ಸುಲಭ ಮಾಡುವ ಅವರ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು. 2002ರ ಡಿಸೆಂಬರ್‌ನಲ್ಲಿ ಅವರು ಸುಮ್ನೆ ಒಂದು ಆದೇಶಕ್ಕೆ ಸಹಿ ಹಾಕಿ ವಿನಾಯಿತಿಯನ್ನು ಗುತ್ತಿಗೆದಾರರಿಗೂ ಕೊಟ್ಟರು.

ಅಲ್ಲಿಂದ ಇದು ಪೆನ್ನಿನ ಆಟವಾಯಿತು. 2014ರಲ್ಲಿ ಒಬಾಮಾ ಗುತ್ತಿಗೆದಾರರು ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಜನರ ವಿರುದ್ಧವೂ ತಾರತಮ್ಯ ಮಾಡುವಂತಿಲ್ಲ ಎಂದರು. ಧರ್ಮಗುರುಗಳು ಹೊಸ ವಿನಾಯಿತಿ ಕೇಳಿದರು. ಒಬಾಮಾ ಅದನ್ನು ಕೊಡಲಿಲ್ಲ, ಬುಷ್ ಕೊಟ್ಟದ್ದನ್ನು ಕಿತ್ತುಕೊಳ್ಳಲೂ ಇಲ್ಲ. ಟ್ರಂಪ್ ಸರ್ಕಾರ 2020ರ ಡಿಸೆಂಬರ್‌ನಲ್ಲಿ ವಿನಾಯಿತಿಯನ್ನು ಹಿಗ್ಗಿಸುವ ನಿಯಮ ಮಾಡಿತು. ಬೈಡನ್ ಸರ್ಕಾರ 2023ರಲ್ಲಿ ಅದನ್ನು ರದ್ದು ಮಾಡಿತು.

ನಗರಗಳ ಗುತ್ತಿಗೆಗಳಲ್ಲೂ ಇದೇ ತಿಕ್ಕಾಟ. ಫಿಲಡೆಲ್ಫಿಯಾದಲ್ಲಿ ಕ್ಯಾಥೊಲಿಕ್ ಸಂಸ್ಥೆಯೊಂದು ಮಕ್ಕಳನ್ನು ಸಾಕುವ ಕುಟುಂಬಗಳನ್ನು ಪರಿಶೀಲಿಸುತ್ತಿತ್ತು. ಸಲಿಂಗಿ ದಂಪತಿಗಳಿಗೆ ಒಪ್ಪಿಗೆ ಕೊಡುವುದಿಲ್ಲ ಎಂಬ ವಿಷಯ 2018ರಲ್ಲಿ ಪತ್ರಿಕೆಯಲ್ಲಿ ಬಂತು. ನಗರಾಡಳಿತ ಅವರ ಬಳಿ ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿತು. ಅದುವರೆಗೆ ಒಂದೇ ಒಂದು ಸಲಿಂಗಿ ಜೋಡಿಯೂ ಆ ಸಂಸ್ಥೆಯ ಬಾಗಿಲಿಗೆ ಬಂದಿರಲಿಲ್ಲ! ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು.

2021ರ ಜೂನ್‌ನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಸಂಸ್ಥೆಯ ಪರ ನಿಂತರು. ಕಾರಣ ಗುತ್ತಿಗೆ ಪತ್ರದ ಒಂದು ಷರತ್ತು. ನಗರದ ಆಯುಕ್ತರು ತಮ್ಮ ವಿವೇಚನೆಯಂತೆ ಯಾರಿಗೆ ಬೇಕಾದರೂ ವಿನಾಯಿತಿ ಕೊಡಬಹುದು ಎಂದು ಅದರಲ್ಲಿ ಬರೆದಿತ್ತು. ವಿನಾಯಿತಿಗೆ ಜಾಗ ಇಟ್ಟ ಮೇಲೆ, ಬಲವಾದ ಕಾರಣವಿಲ್ಲದೆ ಧರ್ಮಕ್ಕೆ ಮಾತ್ರ ಇಲ್ಲ ಎನ್ನುವಂತಿಲ್ಲ ಎಂದಿತು ಕೋರ್ಟ್. ಎಲ್ಲರಿಗೂ ಒಂದೇ ರೀತಿ ಅನ್ವಯಿಸುವ ಕಾನೂನನ್ನು ಧರ್ಮದ ಹೆಸರಿನಲ್ಲಿ ಮೀರುವಂತಿಲ್ಲ ಎನ್ನುವ 1990ರ ತೀರ್ಪನ್ನು ರದ್ದು ಮಾಡಿ ಎಂಬ ಕೋರಿಕೆಯನ್ನು ಮುಟ್ಟಲೇ ಇಲ್ಲ. ಜಾಣತನವೋ ಜಾರಿಕೊಳ್ಳುವುದೋ, ನೀವೇ ಹೇಳಿ. ಫಲಿತಾಂಶ ಒಪ್ಪಿದರೂ ನ್ಯಾಯಮೂರ್ತಿ ಅಲಿಟೊ ಅಂತೂ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ 77 ಪುಟಗಳಷ್ಟು ಸಿಟ್ಟಾದರು. ನಗರ ಆ ಒಂದು ಷರತ್ತನ್ನು ಅಳಿಸಿದರೆ ಕೇಸು ಮತ್ತೆ ಮೊದಲಿಗೆ ಬಂದು ನಿಲ್ಲುತ್ತದಲ್ವಾ ಎಂಬುದು ಅವರ ತಕರಾರು.

ಟ್ರಂಪ್ 2025ರ ಜನವರಿ 21ರಂದು ಜಾನ್ಸನ್ ಆದೇಶವನ್ನೇ ರದ್ದು ಮಾಡಿದರು. ಅದರ ಜೊತೆಗೆ ಬುಷ್ ಸೇರಿಸಿದ್ದ ವಿನಾಯಿತಿಯೂ ಹೋಯಿತು. ಆದರೆ 1964ರ ಕಾಯ್ದೆ ಹಾಗೇ ಇದೆ, ಅದರ ವಿನಾಯಿತಿಯೂ ಇದೆ. ಸಲಿಂಗಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಆ ಕಾಯ್ದೆಗೆ ವಿರುದ್ಧ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನೇ ಧರ್ಮದ ಕಾರಣ ಹೇಳಿ ಚರ್ಚಿನ ಸಂಸ್ಥೆ ಮಾಡಿದರೆ? ಅದನ್ನು ಮುಂದಿನ ಕೇಸುಗಳಿಗೆ ಬಿಡುತ್ತೇವೆ ಎಂದು ಅದೇ ತೀರ್ಪಿನಲ್ಲಿ ಬರೆದಿದ್ದಾರೆ.