ಜಿರಳೆ ಸತ್ತರೂ ಸಾಯದ ಅಲರ್ಜಿ

ಅಡುಗೆಮನೆಯ ಮಿಕ್ಸಿಯನ್ನು ಎತ್ತಿ ತಿರುಗಿಸಿದರೆ, ಅದರ ರಬ್ಬರ್ ಕಾಲುಗಳ ಸುತ್ತ ಕಾಫಿಪುಡಿ ಚೆಲ್ಲಿದಂತೆ ಕರಿಯ ಕಣಗಳು ಕಾಣುವುದುಂಟು. ಅದು ಜಿರಳೆಯ ಹಿಕ್ಕೆ. ಉಬ್ಬಸ ಇರುವವರಿಗೆ ಕಣ್ಣೆದುರು ಓಡುವ ಜಿರಳೆಗಿಂತ ಈ ಪುಡಿಯ ಕಾಟವೇ ಹೆಚ್ಚು. ಹಿಕ್ಕೆ, ಜೊಲ್ಲು, ಬೆಳೆಯುವಾಗ ಕಳಚಿದ ಪೊರೆ, ಸತ್ತು ಒಣಗಿದ ದೇಹದ ಚೂರು ಇವುಗಳಲ್ಲಿರುವ ಕೆಲವು ಪ್ರೋಟೀನುಗಳು ಮನೆಯ ಧೂಳಿನೊಂದಿಗೆ ಬೆರೆತು ಉಸಿರಿನ ದಾರಿಯನ್ನು ಸೇರುತ್ತವೆ.

ಅಲರ್ಜಿ ಇರುವವರ ದೇಹವು ಈ ಪ್ರೋಟೀನುಗಳನ್ನು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಮೂಗು ಮತ್ತು ಶ್ವಾಸನಾಳಗಳ ಒಳಪದರದ ಮಾಸ್ಟ್ ಕೋಶಗಳಿಗೆ ಈ ಪ್ರತಿಕಾಯ ಅಂಟಿಕೊಂಡಿರುತ್ತದೆ. ಅದೇ ಪ್ರೋಟೀನು ಮತ್ತೆ ಬಂದು ತಗುಲಿದೊಡನೆ ಆ ಕೋಶಗಳು ಹಿಸ್ಟಮೀನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಮೂಗಿನಲ್ಲಾದರೆ ಸಾಲುಸಾಲು ಸೀನು, ತುರಿಕೆ, ನೀರಿಳಿತ. ಶ್ವಾಸನಾಳದಲ್ಲಾದರೆ ಸ್ನಾಯು ಬಿಗಿದು, ಒಳಪದರ ಊದಿ, ಎದೆಯಲ್ಲಿ ಸುಯ್ಯೆನ್ನುವ ಸದ್ದು.

ಬೆಕ್ಕಿನ ಅಲರ್ಜಿ ಇರುವವರು ಬೆಕ್ಕು ಸಾಕಿದ ಮನೆಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಸೀನಲಾರಂಭಿಸುತ್ತಾರೆ, ಏಕೆಂದರೆ ಬೆಕ್ಕಿನಿಂದ ಬರುವ ಅಲರ್ಜಿಯ ಕಣಗಳು ಹಗುರವಾಗಿದ್ದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಜಿರಳೆಯ ಕಣಗಳಾದರೋ ಭಾರ. ಪೊರಕೆ ಆಡಿಸಿದಾಗ, ಹಾಸಿಗೆ ಕೊಡವಿದಾಗ ಮೇಲೆದ್ದು ಬೇಗನೆ ಕೆಳಗಿಳಿದುಬಿಡುತ್ತವೆ. ಹೀಗಾಗಿ ರೋಗಕ್ಕೂ ಜಿರಳೆಗೂ ನಂಟಿದೆಯೆಂದು ರೋಗಿಗೆ ಹೊಳೆಯುವುದೇ ಇಲ್ಲ. ವರ್ಷವಿಡೀ ಬಿಡದ ನೆಗಡಿಯನ್ನು "ಅವನದು ಶೀತದ ಮೈ" ಎಂದು ಮನೆಯವರು ಸುಮ್ಮನಾಗುತ್ತಾರೆ.

1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ನಂಟನ್ನು ಸ್ಪಷ್ಟವಾಗಿ ತೋರಿಸಿತು. ನಗರಗಳ ಬಡ ಬಡಾವಣೆಗಳಲ್ಲಿ ವಾಸಿಸುವ, ಉಬ್ಬಸವಿದ್ದ 476 ಮಕ್ಕಳ ಪೈಕಿ ಶೇ. 36.8ರಷ್ಟು ಮಂದಿಗೆ ಜಿರಳೆಯ ಅಲರ್ಜಿಯಿತ್ತು. ಅಲರ್ಜಿಯೂ ಇದ್ದು, ಮಲಗುವ ಕೋಣೆಯ ಧೂಳಿನಲ್ಲಿ ಜಿರಳೆಯ ಪ್ರೋಟೀನು ಹೆಚ್ಚಾಗಿಯೂ ಇದ್ದ ಮಕ್ಕಳು ವರ್ಷಕ್ಕೆ ಸರಾಸರಿ 0.37 ಸಲ ಆಸ್ಪತ್ರೆ ಸೇರಿದ್ದರೆ, ಉಳಿದವರಲ್ಲಿ ಆ ಸರಾಸರಿ 0.11 ಮಾತ್ರ. ಅಳೆದದ್ದು ಅಡುಗೆಮನೆಯ ಧೂಳನ್ನಲ್ಲ, ಮಕ್ಕಳು ಮಲಗುವ ಕೋಣೆಯದನ್ನು ಎಂಬುದು ಗಮನಿಸಬೇಕಾದ ಮಾತು.

ಅಲ್ಲಿನ ಮನೆಗಳನ್ನು ಹೆಚ್ಚಾಗಿ ಕಾಡುವ ಸಣ್ಣ ಜಿರಳೆಗೆ 'ಜರ್ಮನ್ ಜಿರಳೆ' ಎಂದು ಹೆಸರು. ಪಾಪ, ಜರ್ಮನರ ತಪ್ಪೇನಿಲ್ಲ. ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆಯ ಏಷ್ಯಾದ ಜಿರಳೆಯಿಂದ ಕವಲೊಡೆದದ್ದೆಂದು 2024ರ ವಂಶವಾಹಿ ಅಧ್ಯಯನ ತಿಳಿಸಿದೆ. ನಮ್ಮ ಮೋರಿಗಳಿಂದ ರಾತ್ರಿ ಮೇಲೇರುವ ಕೆಂಪು-ಕಂದು ಬಣ್ಣದ ದಪ್ಪ 'ಅಮೆರಿಕನ್ ಜಿರಳೆ'ಯೂ ಅಲರ್ಜಿ ಉಂಟುಮಾಡುವಂಥದ್ದೇ.

ಅಲರ್ಜಿ ಇದೆಯೇ ಎಂಬುದು ಚರ್ಮದ ಚುಚ್ಚುಪರೀಕ್ಷೆಯಿಂದ ಅಥವಾ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಜಿರಳೆಯನ್ನು ಕೊಲ್ಲಲು ಸ್ಪ್ರೇ ಹೊಡೆದರೆ ಅದರ ಘಾಟಿಗೇ ಉಬ್ಬಸ ಕೆರಳಬಹುದಾದ್ದರಿಂದ, ಸಿಂಕಿನ ಕೆಳಗೆ, ಕಪಾಟಿನ ಸಂದಿಯಲ್ಲಿ ಜೆಲ್ ರೂಪದ ವಿಷದ ಚುಕ್ಕೆ ಇಡುವುದು ಮೇಲು. ಆದರೆ ಜಿರಳೆ ನಿರ್ನಾಮವಾದರೂ ಅದರ ಪ್ರೋಟೀನು ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ; ಸಂದಿಗೊಂದಿಗಳನ್ನು ಸೋಪುನೀರಿನ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಬೇಕು, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಆ ಕೆಲಸ ನಡೆಯುವಾಗ ಉಬ್ಬಸದವರು ಮನೆಯಿಂದ ಹೊರಗಿರುವುದು ಲೇಸು.