ಸ್ಟಾಕ್ ರೇಟ್ ಆಮೇಲೆ, ನಾಳೆ ಬರೋ ದುಡ್ಡು ಯಾರಿಗೆ ಹೇಳಿ

ಅಣ್ಣತಮ್ಮ ಇಬ್ಬರೂ ತಮ್ಮ ಎರಡು ಅಂಗಡಿ ಸೇರಿಸಿ ಒಂದು ಮಾಡ್ಕೋತೀವಿ ಅಂತ ಬಂದ್ರೆ ಮೊದಲನೇ ಪ್ರಶ್ನೆ ಒಂದೇ, "ಸರ್, ನನ್ನ ಸ್ಟಾಕಿಗೆ ಎಷ್ಟು ಹಿಡೀತೀರಾ?" ಇಷ್ಟು ವರ್ಷ ಆಡಿಟರ್ ಆಗಿ ಕೂತಿದೀನಿ, ನಾಳೆಯಿಂದ ಬರೋ ದುಡ್ಡು ಯಾವ ಅಕೌಂಟಿಗೆ ಅಂತ ಮೊದಲು ಕೇಳಿದೋರು ಬೆರಳೆಣಿಕೆ. ಉಳಿದೋರಿಗೆ ಕಾಫಿ ತರಿಸಿ ವಾಲ್ಟರ್ ರೋಂಬರ್ಗ್ ಕಥೆ ಹೇಳ್ತೀನಿ.

ಜರ್ಮನಿ ಪೂರ್ವ, ಪಶ್ಚಿಮ ಅಂತ ಎರಡು ದೇಶ ಆಗಿದ್ದ ಕಾಲ. ಈಯಪ್ಪ ಪೂರ್ವ ಜರ್ಮನಿಯ ಗಣಿತಜ್ಞ, ವಿಜ್ಞಾನ ಅಕಾಡೆಮಿಯಲ್ಲಿ ಇದ್ದೋರು, 1990ರ ಏಪ್ರಿಲ್‌ನಲ್ಲಿ ಎಸ್‌ಪಿಡಿ ಅನ್ನೋ ಪಕ್ಷದ ಕಡೆಯಿಂದ ಅಲ್ಲಿನ ಹಣಕಾಸು ಮಂತ್ರಿ ಆದ್ರು. ಮೇ 18ಕ್ಕೆ ಬಾನ್‌ನಲ್ಲಿ ಪಶ್ಚಿಮದ ಹಣಕಾಸು ಮಂತ್ರಿ ಥಿಯೋ ವೈಗಲ್ ಜೊತೆ ಕರೆನ್ಸಿ ಒಪ್ಪಂದಕ್ಕೆ ಸೈನ್ ಹಾಕಿದ್ರು, ಜುಲೈ 1ರಿಂದ ಪೂರ್ವದಲ್ಲೂ ಪಶ್ಚಿಮದ ದುಡ್ಡು, ಅಂದ್ರೆ ಮಾರ್ಕ್, ಚಲಾವಣೆಗೆ ಬಂತು.

ಜನಕ್ಕೆ ನೆನಪಿರೋದು "ಒಂದಕ್ಕೊಂದು" ರೇಟ್ ಅಷ್ಟೇ, ಅಂದ್ರೆ ಪೂರ್ವದ ಒಂದು ಮಾರ್ಕ್‌ಗೆ ಪಶ್ಚಿಮದ ಒಂದು ಮಾರ್ಕ್. ಅದೂ ಅರ್ಧ ಸತ್ಯ. ಸಂಬಳ, ಪೆನ್ಷನ್ ಒಂದಕ್ಕೊಂದು, ಸರಿ. ಉಳಿತಾಯ ಮಾತ್ರ ಮಕ್ಕಳಿಗೆ 2,000, ದೊಡ್ಡೋರಿಗೆ 4,000, ವಯಸ್ಸಾದೋರಿಗೆ 6,000 ಮಾರ್ಕ್ ತನಕ ಒಂದಕ್ಕೊಂದು, ಮಿಕ್ಕಿದ್ದು ಎರಡಕ್ಕೊಂದು. ಇದೆಲ್ಲ ಒಂದೇ ಸಲ ಎಣಿಸಿ ಮುಗಿಸೋ ಲೆಕ್ಕ ಸ್ವಾಮಿ, ಸ್ಟಾಕ್ ಥರ. ಆದ್ರೆ ಸಂಬಳ ಒಂದಕ್ಕೊಂದು ಅಂದ್ರೆ ಕಾರ್ಖಾನೆನೂ ಅದೇ ಸಂಬಳ ತಿಂಗಳು ತಿಂಗಳು ಗಟ್ಟಿ ಮಾರ್ಕ್‌ನಲ್ಲಿ ಎಣಿಸ್ಬೇಕು, ಅದರ ಮಾಲು ಕೇಳೋರು ನೋಡಿದ್ರೆ ರಾತ್ರೋರಾತ್ರಿ ಪಶ್ಚಿಮದ ಸಾಮಾನಿನ ಕಡೆ ಓಡಿದ್ರು. ಕಾರ್ಖಾನೆ ಮುಚ್ಚಿದ್ರೆ ತೆರಿಗೆ ಎಲ್ಲಿಂದ?

ರೋಂಬರ್ಗ್ ಪಟ್ಟು ಹಿಡಿದಿದ್ದು ಇಲ್ಲೇ. ಪೂರ್ವದಲ್ಲಿ ಹುಟ್ಟಿದ ತೆರಿಗೆ ಪೂರ್ವದಲ್ಲೇ ಉಳೀಲಿ ಅಂದ್ರು. ಪೂರ್ವದ ಪ್ರಧಾನಿ ದ ಮೆಝಿಯೇರ್ ಆಗಸ್ಟ್ ಮಧ್ಯದಲ್ಲಿ ಅವರನ್ನ ಮನೆಗೆ ಕಳಿಸಿದ್ರು, ಎಸ್‌ಪಿಡಿ ಸರ್ಕಾರದಿಂದ ಹೊರಗೆ ಬಂತು, ಅಕ್ಟೋಬರ್ 3ಕ್ಕೆ ದೇಶ ಒಂದಾಯ್ತು. ಪೂರ್ವದ ರಾಜ್ಯಗಳನ್ನ ರಾಜ್ಯ-ರಾಜ್ಯದ ಹಣ ಹಂಚಿಕೆಗೆ ಸೇರಿಸ್ಕೊಂಡಿದ್ದು 1995ಕ್ಕೆ! ಅಲ್ಲೀತನಕ ಅಂತ 11,500 ಕೋಟಿ ಮಾರ್ಕ್‌ನ ಒಂದು ನಿಧಿ ಇಟ್ಟಿದ್ರು, ಅದೂ ಸಾಲದೆ ಮತ್ತೆ ಏರಿಸ್ಬೇಕಾಯ್ತು.

ಅವರ ಮಾತು ಕೇಳಿದ್ರೆ ಎಲ್ಲಾ ಸರಿಹೋಗ್ತಿತ್ತು ಅಂತ ನಾನು ಬರ್ಕೊಡಲ್ಲ, ಉಳಿಸ್ಕೊಳ್ಳೋ ತೆರಿಗೆನೇ ಕುಸೀತಾ ಇತ್ತಲ್ಲ. ನಿಮ್ಮ ವಿಷಯದಲ್ಲೂ ಅಷ್ಟೇ, ಪಾಲುದಾರಿಕೆ ಪತ್ರ (ಡೀಡ್) ನೋಡದೆ ನಾನು ಏನೂ ಹೇಳಲ್ಲ.

ಮೊನ್ನೆ ಬಂದಿದ್ದ ಅಣ್ಣತಮ್ಮ ತಗಡಿನ ಡಬ್ಬ, ಹಳೇ ತಕ್ಕಡಿ ಸಮೇತ ಎರಡು ಗಂಟೆ ಬೆಲೆ ಕಟ್ಟಿದ್ರು. ಅಂಗಡಿ ಮೇಲಿನ ರೂಮಿನ ಬಾಡಿಗೆ ಇನ್ಮುಂದೆ ಯಾರಿಗೆ ಅಂತ ನಾನು ಕೇಳಿದ್ರೆ ಇಬ್ಬರೂ ಮುಖ ಮುಖ ನೋಡ್ಕೊಂಡ್ರು. ಸರಿ ಅಂತ ಇಷ್ಟೂ ಕಥೆ ಹೇಳಿದೆ. ತಮ್ಮ ಕಾಫಿ ಲೋಟ ಕೆಳಗಿಟ್ಟು, ಪಾಪ ತುಂಬಾ ಸೀರಿಯಸ್ಸಾಗಿ, "ಅದೆಲ್ಲ ಸರಿ ಸರ್, ಆ ತಕ್ಕಡಿಗೆ ಎಷ್ಟು ಹಿಡಿದ್ರಿ?" ಅಂದ.